ಬಳಿದ ಮೇಲಿನ ಕೆಲಸ

ನಾನು ಬಣ್ಣ ಬಳಿಯುವವನಲ್ಲ. ಬಳಿದದ್ದನ್ನು ನೋಡಿ ಸಹಿ ಹಾಕುವವನು. ಎಣ್ಣೆ ಟ್ಯಾಂಕು, ಪೈಪ್‌ಲೈನು, ಜೆಟ್ಟಿಯ ಕಂಬ, ಹೀಗೆ ಕುವೈತಿನ ಉಪ್ಪುಗಾಳಿಗೆ ತುಕ್ಕು ಹಿಡಿಯುವಂಥದ್ದು ಏನೇನಿದೆಯೋ ಅದಕ್ಕೆಲ್ಲ ಬಣ್ಣ ಬೇಕು. ಆ ಬಣ್ಣ ಸರಿಯಾಗಿ ಕೂತಿದೆಯೋ ಇಲ್ಲವೋ ಹೇಳಲು ನಮ್ಮಂಥವರು ಬೇಕು. ಜೇಬಿನಲ್ಲಿ ಬಣ್ಣದ ದಪ್ಪವನ್ನು ಮೈಕ್ರಾನ್ ಲೆಕ್ಕದಲ್ಲಿ ತೋರಿಸುವ ಗೇಜು, ಚೀಲದಲ್ಲಿ ಗಾಳಿಯ ತೇವ ಅಳೆಯುವ ಮೀಟರು, ಮೊಬೈಲಿನಲ್ಲಿ ಆಫೀಸಿನಿಂದ ಒಂದೇ ಪ್ರಶ್ನೆ: "ಎನ್‌ಸಿಆರ್ ಕ್ಲೋಸ್ ಆಯ್ತಾ?" ಕೆಲಸ ಒಪ್ಪಂದದ ಪ್ರಕಾರ ಆಗಿಲ್ಲ ಎಂದು ನಾವು ಬರೆದು ಕೊಡುವ ಚೀಟಿಗೆ ಆ ಹೆಸರು. ತಪ್ಪು ಸರಿಮಾಡಿ, ಕಾರಣ ಬರೆದು, ಇನ್ನು ಹೀಗಾಗದಂತೆ ಏನು ಮಾಡಿದ್ದೇವೆ ಎಂದು ಎರಡು ಸಾಲು ಸೇರಿಸಿ, ಫೋಟೊ ಅಂಟಿಸಿದರೆ ಚೀಟಿ ಕ್ಲೋಸ್. ಅದೇ ದೋಷ ಮುಂದಿನ ವರ್ಷ ಬೇರೆ ನಂಬರು ಹೊತ್ತು ಬಂದರೆ ಅದು ಹೊಸ ಚೀಟಿ. ಹಳೆಯದರ ಲೆಕ್ಕಕ್ಕೆ ಸೇರುವುದಿಲ್ಲ.

ಗುಣಮಟ್ಟದ ತರಬೇತಿ ಕೊಡುವವರು ಸುಧಾರಣೆ ತರುವ ಬಗೆಯನ್ನು ಚೆನ್ನಾಗಿಯೇ ಹೇಳಿಕೊಡುತ್ತಾರೆ. ತಂದದ್ದು ಐದು ವರ್ಷ ನಿಲ್ಲುವುದು ಹೇಗೆ ಎಂಬಲ್ಲಿಗೆ ಬಂದಾಗ ಊಟದ ಹೊತ್ತಾಗಿರುತ್ತದೆ. ಆ ಬಿಟ್ಟುಹೋದ ಅಧ್ಯಾಯ ನಾನು ಬಾಡಿಗೆಗಿರುವ ಈ ದಂಡೆಯ ಚರಿತ್ರೆಯಲ್ಲಿ ಸಿಕ್ಕಿತು ಎಂದೇ ನನ್ನ ಅನಿಸಿಕೆ. ಬರೆದವರು ಎಂಜಿನಿಯರುಗಳಲ್ಲ, ಹಡಗಿನವರು. ಅವರು ಬರೆದೂ ಇಟ್ಟಿಲ್ಲ.

ನಾನಿರುವ ಈ ದಂಡೆ, ಬ್ನೇದ್ ಅಲ್ ಗಾರ್, ಇರುವುದು ಹಳೆಯ ಕುವೈತ್ ಊರಿನ ಪೂರ್ವದ ಅಂಚಿನಲ್ಲಿ. ಈಗ ಇಲ್ಲಿ ಕಾಣುವುದು ಎತ್ತರದ ಫ್ಲ್ಯಾಟುಗಳು, ಹೋಟೆಲುಗಳು, ಬಾಲ್ಕನಿಗಳಲ್ಲಿ ಒಣಗಲು ಹಾಕಿದ ಯೂನಿಫಾರ್ಮುಗಳು, ಅತ್ತ ಗಲ್ಫ್ ರಸ್ತೆ, ಅದರಾಚೆ ಸಮುದ್ರ. ಸ್ವಲ್ಪ ನಡೆದರೆ 1979ರಲ್ಲಿ ತೆರೆದ ಕುವೈತ್ ಟವರ್ಸ್. ಪ್ರವಾಸಿಗಳು ಅದನ್ನು ನೋಡಲು ಬರುತ್ತಾರೆ, ಆದರೆ ಅದರ ದೊಡ್ಡ ಗೋಳಗಳನ್ನು ಕಟ್ಟಿದ್ದು ನೀರು ತುಂಬಿಡಲು. ಗಾರ್ ಎಂದರೆ ಡಾಂಬರು. ದೋಣಿಗಳಿಗೆ ಬಳಿಯುತ್ತಿದ್ದ ಆ ಕಪ್ಪಿನಿಂದಲೇ ದಂಡೆಗೆ ಹೆಸರು ಬಂತು ಎನ್ನುತ್ತಾರೆ. 1920ರಲ್ಲಿ ನೆಜ್ದಿನ ಇಖ್ವಾನ್ ಪಡೆ ಏರಿ ಬರುತ್ತದೆಂಬ ಭಯಕ್ಕೆ ಊರವರೆಲ್ಲ ಸೇರಿ ಕೆಲವೇ ತಿಂಗಳಲ್ಲಿ ಸುತ್ತ ಮಣ್ಣಿನ ಕೋಟೆಗೋಡೆ ಕಟ್ಟಿದರಲ್ಲ, ಅದರ ಪೂರ್ವದ ಬಾಗಿಲು ಇಲ್ಲೇ ದಸ್ಮಾನ್ ಬಳಿ ಇತ್ತು. 1957ರಲ್ಲಿ ಗೋಡೆ ಕೆಡವಿದರು, ಬಾಗಿಲುಗಳನ್ನು ಮಾತ್ರ ನೆನಪಿಗೆಂದು ಬಿಟ್ಟರು. ಗೋಡೆ ಮಣ್ಣಿನದ್ದಾದ್ದರಿಂದ ಮಳೆ ಬಿದ್ದಾಗಲೆಲ್ಲ ಮೆತ್ತಬೇಕಿತ್ತು. ಮರಳುಗಾಡಿನಲ್ಲಿ ಎಂಥ ಮಳೆ ಎಂದು ನಮ್ಮ ಕುಂದಾಪುರದವರು ನಗಬಹುದು. 1934ರ ಮಳೆಗೆ ಇಲ್ಲಿ ಎಷ್ಟು ಮಣ್ಣಿನ ಮನೆಗಳು ಕುಸಿದುವೆಂದರೆ ಆ ವರ್ಷವನ್ನೇ ಕುವೈತಿನವರು ಕುಸಿತದ ವರ್ಷ ಎಂದು ಕರೆಯುತ್ತಾರೆ.

ಡಾಂಬರಿನ ಕತೆ ಗೋಡೆಗಿಂತ ಬಹಳ ಹಳೆಯದು. ಕುವೈತ್ ಕೊಲ್ಲಿಯ ಉತ್ತರಕ್ಕೆ ಸಬಿಯಾ ಎಂಬಲ್ಲಿ ಪುರಾತತ್ತ್ವದವರು ಎಚ್-3 ಎಂದು ಗುರುತು ಹಾಕಿದ ಒಂದು ನೆಲೆಯಿದೆ. ಹೆಚ್ಚು ಕಡಿಮೆ ಏಳು ಸಾವಿರ ವರ್ಷ ಹಿಂದಿನದು. ಅಲ್ಲಿ ಡಾಂಬರಿನ ಹಲ್ಲೆಗಳು ಸಿಕ್ಕಿವೆ. ಒಂದು ಮೈಯಲ್ಲಿ ಜೊಂಡಿನ ಕಟ್ಟುಗಳ, ಹಗ್ಗದ ಅಚ್ಚು. ಇನ್ನೊಂದು ಮೈಯಲ್ಲಿ ಹಡಗಿನ ತಳಕ್ಕೆ ಅಂಟುವ ಚಿಪ್ಪುಗಳು. ಅಂದರೆ ಜೊಂಡಿನ ದೋಣಿಗೆ ಬಳಿದ ಡಾಂಬರು ಅದು, ಸಮುದ್ರದಲ್ಲಿ ಓಡಾಡಿ ಬಂದದ್ದು. ಕಡಲಲ್ಲಿ ಸಾಗುತ್ತಿದ್ದ ದೋಣಿಯೊಂದರ, ಇಷ್ಟು ಹಳೆಯ, ಕೈಗೆ ಸಿಗುವ ಪುರಾವೆ ಜಗತ್ತಿನಲ್ಲಿ ಬೇರೆಲ್ಲೂ ಸಿಕ್ಕಿಲ್ಲ. ಪ್ರಯೋಗಾಲಯದಲ್ಲಿ ನೋಡಿದಾಗ ಆ ಡಾಂಬರು ಬುರ್ಗಾನ್ ಕಡೆಯದು ಎಂದು ತಿಳಿಯಿತು. ಬುರ್ಗಾನ್ ಎಂದರೆ ಕುವೈತಿನ ಭಾಗ್ಯವೆಲ್ಲ ಬಂದ ಅದೇ ಎಣ್ಣೆನೆಲ. 1938ರಲ್ಲಿ ಬಾವಿ ಕೊರೆದು ಎಣ್ಣೆ ತೆಗೆಯುವುದಕ್ಕೆ ಸಾವಿರಾರು ವರ್ಷ ಮೊದಲೇ ಅಲ್ಲಿ ನೆಲದ ಮೇಲೆ ಜಿನುಗುತ್ತಿದ್ದ ಕಪ್ಪನ್ನು ಯಾರೋ ಹೊತ್ತು ತಂದು ಕಾಯಿಸಿ ಬಳಿದಿದ್ದರು.

ಆ ಹಲ್ಲೆಗಳ ಫೋಟೊ ನೋಡಿದಾಗ ಪುರಾತತ್ತ್ವದವರಿಗೆ ವ್ಯಾಪಾರದ ಹಾದಿ ಕಾಣಿಸಿತು. ನನಗೆ ಕಂಡದ್ದು ರೀವರ್ಕ್. ಚಿಪ್ಪು ಹಿಡಿದ ಡಾಂಬರು ದೋಣಿಯಿಂದ ಬಿಟ್ಟುಬಂದು ದಂಡೆಯ ಮನೆಯೊಳಗೆ ಸೇರಿದೆ ಎಂದರೆ ಯಾರೋ ಅದನ್ನು ಕೆತ್ತಿ ತೆಗೆದಿದ್ದಾರೆ. ಮತ್ತೆ ಕರಗಿಸಲು ಎತ್ತಿಟ್ಟದ್ದಿರಬೇಕು ಎಂಬುದು ಅಗೆದವರ ಊಹೆ. ಹಾಗಿದ್ದರೆ ಬಳಿಯುವ ಕೆಲಸದ ಜೊತೆಗೇ ಕೆತ್ತುವ ಕೆಲಸವೂ ಹುಟ್ಟಿತ್ತು. ಇದು ಸಣ್ಣ ಮಾತಲ್ಲ. ನಮ್ಮ ಇವತ್ತಿನ ಎಷ್ಟೋ ಬಣ್ಣದ ಒಪ್ಪಂದಗಳಲ್ಲಿ ಬಳಿಯುವುದಕ್ಕೆ ದರ ಇದೆ. ಹತ್ತು ವರ್ಷದ ಮೇಲೆ ಕೆತ್ತುವುದಕ್ಕೆ ಯಾರೂ ಕಾಸು ತೆಗೆದಿಟ್ಟಿರುವುದಿಲ್ಲ.

ಈ ದಂಡೆಯ ದೊಡ್ಡ ಕಾಲ ಹಡಗುಗಳದ್ದು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಸ್ರಾದ ಖರ್ಜೂರ ತುಂಬಿಕೊಂಡು ಕುವೈತಿನ ಹಡಗುಗಳು ಹೊರಡುತ್ತಿದ್ದವು. ಕೆಲವು ಆಫ್ರಿಕದ ಕರಾವಳಿಗೆ, ಕೆಲವು ಕರಾಚಿ, ಮುಂಬಯಿ, ಗೋವಾ ದಾಟಿ ನಮ್ಮ ಕಾರವಾರ, ಮಂಗಳೂರು, ಅಲ್ಲಿಂದ ಕಲ್ಲಿಕೋಟೆಗೆ. ಬರುವಾಗ ಅಕ್ಕಿ, ನಾರಿನ ಹಗ್ಗ, ಮಸಾಲೆ, ಮುಖ್ಯವಾಗಿ ಮರ. ಕುವೈತಿನಲ್ಲಿ ಹಡಗು ಕಟ್ಟುವಂಥ ಮರ ಒಂದೂ ಬೆಳೆಯುವುದಿಲ್ಲ. ಹಲಗೆಗೆ ಬೇಕಾದ ಸಾಗುವಾನಿ ಮಲಬಾರಿನಿಂದ ಬರಬೇಕು. ಕೂವೆಗೆ ಬೇಕಾದ ಉದ್ದನೆಯ ಹೊನ್ನೆ ಮರಕ್ಕೆ ಕೆನರಾ, ಮಲಬಾರಿನ ಕಾಡುಗಳೇ ಹೆಸರುವಾಸಿ. ಪಶ್ಚಿಮಘಟ್ಟ ಇಲ್ಲದಿದ್ದರೆ ಕುವೈತಿಗೆ ದೂರಪ್ರಯಾಣದ ಹಡಗುಗಳಿರಲಿ, ಮುತ್ತು ತೆಗೆಯಲು ಹೋಗುವ ದೋಣಿಯೂ ಇರುತ್ತಿರಲಿಲ್ಲ. ಭಟ್ಕಳ, ಮಂಕಿ ಕಡೆಯ ಮುಸ್ಲಿಮರಲ್ಲಿ ನಾಖುದಾ ಎಂದೇ ಒಂದು ಸಮುದಾಯವಿದೆ. ಇಲ್ಲಿಯ ಹಡಗಿನ ಯಜಮಾನನಿಗೂ ಅದೇ ಹೆಸರು. ದುಡ್ಡೂ ನಮ್ಮದೇ ನಡೆಯುತ್ತಿತ್ತು. 1961ರಲ್ಲಿ ದಿನಾರ್ ಬರುವ ತನಕ ಕುವೈತಿನ ಪೇಟೆಯಲ್ಲಿ ರೂಪಾಯಿಯೇ ಲೆಕ್ಕ.

ಹಡಗು ಕಟ್ಟುವವನು ಕಲ್ಲಾಫ್, ಅವರ ಮುಖ್ಯಸ್ಥ ಉಸ್ತಾದ್. ನಕ್ಷೆಯಿಲ್ಲ, ಕಣ್ಣಳತೆ. ಹಲಗೆ ಹಲಗೆ ಕೂಡುವ ಸಂದಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಬತ್ತಿಯನ್ನು ಉಳಿಯಿಟ್ಟು ಕೊಡತಿಯಲ್ಲಿ ಬಡಿದು ತುಂಬುತ್ತಿದ್ದರು. ನೀರಿನಿಂದ ಮೇಲಿನ ಮರಕ್ಕೆ ಮೀನೆಣ್ಣೆ. ನೀರಿನ ಕೆಳಗಿನ ಮೈಗೆ ಸುಣ್ಣ ಮತ್ತು ಪ್ರಾಣಿಯ ಕೊಬ್ಬು ಕಾಯಿಸಿ ಕಲಸಿದ ಬಿಳಿ ಲೇಪ. ಈ ಹೊತ್ತಿಗೆ ಡಾಂಬರಿನ ಜಾಗದಲ್ಲಿ ಈ ಬಿಳಿ ಲೇಪ ಬಂದು ಕೂತಿತ್ತು. ಮರ ಕೊರೆಯುವ ಹುಳ ಅದರೊಳಗೆ ಇಳಿಯದು, ಚಿಪ್ಪು ಹಿಡಿದರೂ ಲೇಪದ ಜೊತೆಗೇ ಉದುರಿ ಬರುತ್ತದೆ. ನಮ್ಮ ಕಡೆಯೂ ದೋಣಿಗೆ ಬೈಗೆ ಎಣ್ಣೆ ಬಳಿಯುತ್ತಿದ್ದರಷ್ಟೆ. ಆ ವಾಸನೆ ಒಮ್ಮೆ ಮೂಗಿಗೆ ಹತ್ತಿದವನಿಗೆ ಎಪಾಕ್ಸಿಯ ವಾಸನೆ ಏನೂ ಅಲ್ಲ.

ಲೇಪ ಹಾಕುವ ದಿನದ ಕ್ರಮ ಹೀಗೆ. ಭರತದ ನೀರಿನಲ್ಲಿ ಹಡಗನ್ನು ದಂಡೆಗೆ ಎಳೆದು ತಂದು ಎರಡೂ ಬದಿಗೆ ಕಂಬದ ಊರೆ ಕೊಡುತ್ತಾರೆ. ಕುವೈತ್ ಕೊಲ್ಲಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಏರಿಳಿತ ಮೂರು ಮೀಟರು ದಾಟುತ್ತದೆ. ನೀರು ಇಳಿದಂತೆ ತಳ ಬಯಲಾಗುತ್ತದೆ. ಖಲಾಸಿಗಳು ಕೆಳಗೆ ನುಗ್ಗಿ ಚಿಪ್ಪು, ಪಾಚಿ, ಹಳೆಯ ಲೇಪ ಎಲ್ಲವನ್ನೂ ಹೆರೆಯುತ್ತಾರೆ. ಸಂದಿ ಸಡಿಲಾಗಿದ್ದಲ್ಲಿ ಹತ್ತಿ ಬಡಿಯುತ್ತಾರೆ. ಆಮೇಲೆ ಬಿಸಿಯಾರದ ಲೇಪವನ್ನು ಬರಿಗೈಯಲ್ಲೇ ಮೆತ್ತುತ್ತಾರೆ. ನಹ್ಹಾಮ್ ಎಂಬ ಹಾಡುಗಾರ ಹಡಗಿನ ಎಲ್ಲ ಕೆಲಸಕ್ಕೂ ಲಯ ಹಾಕಿಕೊಡುತ್ತಿರುತ್ತಾನೆ. ಮತ್ತೆ ಭರತ ಏರುವುದರೊಳಗೆ ಮುಗಿಯಲೇಬೇಕು. ನಾಳೆ ಬೆಳಿಗ್ಗೆ ಮಾಡುತ್ತೇವೆ ಎಂಬ ಮಾತಿಲ್ಲ. ಪ್ರತಿ ದೊಡ್ಡ ಪಯಣಕ್ಕೆ ಮುಂಚೆ ಇದು ಆಗಬೇಕು. ದೂರದ ಕರಾವಳಿಯಲ್ಲಿ ಒಳ್ಳೆಯ ಮರಳದಂಡೆ ಸಿಕ್ಕಿದರೆ ನಡುವೆ ಇನ್ನೊಮ್ಮೆ.

ಇದನ್ನೆಲ್ಲ ನಾನು ಮೊದಲು ಓದಿದಾಗ ನೆನಪಾದವರು ಗಂಗೊಳ್ಳಿಯ ನಮ್ಮ ಸೋದರಮಾವ. ಮಾವ ದೋಣಿಯ ಸಂದಿ ತುಂಬುತ್ತಿದ್ದರು. ಕೊಡತಿ ಬಡಿಯುವಾಗ ಮಾತಾಡಲು ಬಿಡುತ್ತಿರಲಿಲ್ಲ. ಹತ್ತಿ ಸಡಿಲಾಗಿದ್ದರೆ ಪೆಟ್ಟು ಮಂದವಾಗಿ ಬೀಳುತ್ತದೆ. ಬಿಗಿಯಾಗುತ್ತ ಬಂದಂತೆ ಸದ್ದು ಎಳೆದು, ಚುರುಕಾಗಿ, ಕೊನೆಗೆ ಕಬ್ಬಿಣಕ್ಕೆ ಬಡಿದ ಹಾಗೆ ಟಣ್ಣೆನ್ನುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಇನ್ನೊಂದು ಪೆಟ್ಟು ಹೆಚ್ಚಾದರೆ ಹಲಗೆಯ ಅಂಚು ಸೀಳುತ್ತದೆ. ಬಗ್ಗಿ ಕಣ್ಣಿಟ್ಟು ನೋಡುತ್ತಿದ್ದ ನನಗೆ ಮಾವ ಹೇಳಿದ್ದು: "ಹ್ವಾಯ್, ಇದ್ ಕಣ್ಣಗ್ ಕಾಂಬುದಲ್ಲ ಮಾರಾಯ, ಕೆಮಿಯಗ್ ಕೇಂಬುದ್." ಈಗ ನಾನು ಬಣ್ಣದ ಮೇಲೆ ವಿದ್ಯುತ್ತಿನ ಬ್ರಶ್ ಎಳೆದು ಸೂಜಿಮೊನೆಯಷ್ಟು ತೂತು ಇದ್ದಲ್ಲಿ ಪೀಂ ಎನ್ನುವ ಯಂತ್ರವನ್ನು ಕೇಳುತ್ತೇನೆ. ಕಿವಿಯ ಕೆಲಸ ಮುಂದುವರಿದಿದೆ.

ಕುವೈತಿನ ಹಡಗಿನವರ ಪದ್ಧತಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಲೇಪದ ಗುಣವಲ್ಲ. ಆ ಲೇಪ ನಿಜಕ್ಕೂ ಬಾಳುವಂಥದ್ದಲ್ಲ, ಕೆಲವು ತಿಂಗಳಿಗೆ ಸವೆದು ಹೋಗುತ್ತದೆ. ಅದು ಹೋಗುತ್ತದೆ ಎಂದು ಗೊತ್ತಿದ್ದುದರಿಂದಲೇ ಮತ್ತೆ ಹಾಕುವುದು ವರ್ಷದ ಕ್ರಮದೊಳಗೆ ಸೇರಿಹೋಗಿತ್ತು. ಖರ್ಜೂರ ಹಣ್ಣಾಗುವ ಹೊತ್ತಿಗೆ ಹಡಗು ತಯಾರಿರಬೇಕು, ಮಾನ್ಸೂನಿನ ಗಾಳಿ ತಿರುಗುವ ಹೊತ್ತಿಗೆ ಹೊರಟಿರಬೇಕು. ಯಾರೋ ಮ್ಯಾನೇಜರು ನೆನಪಿಟ್ಟುಕೊಂಡು ಸುತ್ತೋಲೆ ಕಳಿಸುವ ಕೆಲಸವಾಗಿರಲಿಲ್ಲ. ಜೊತೆಗೆ, ಲೇಪ ಮೆತ್ತಿದ ಕೈ ಮತ್ತು ಅದೇ ಹಡಗಿನಲ್ಲಿ ನಾಳೆ ಸಮುದ್ರಕ್ಕೆ ಇಳಿಯುವ ಜೀವ ಎರಡೂ ಒಬ್ಬನದೇ. ಸಂಬಳವೂ ಸಂಬಳವಲ್ಲ, ಪಾಲು. ಪಯಣದ ಖರ್ಚು ಕಳೆದು ಉಳಿದದ್ದರಲ್ಲಿ ಒಂದು ಭಾಗ ಹಡಗಿನ ಒಡೆಯನಿಗೆ, ಇನ್ನೊಂದು ಖಲಾಸಿಗಳಿಗೆ ಪಾಲಾಗಿ ಹಂಚಿಕೆ. ಸೋರುವ ಹಡಗು ನಿಧಾನ ಹೋಗುತ್ತದೆ, ಸರಕು ನೆನೆಯುತ್ತದೆ, ಎಲ್ಲರ ಪಾಲೂ ಕರಗುತ್ತದೆ. (ಈ ಪಾಲಿನ ಪದ್ಧತಿಯನ್ನು ಹೊಗಳಿ ಮುಗಿಸುವಂತಿಲ್ಲ. ಮುಂಗಡ ಪಡೆದ ಸಾಲ ತೀರದೆ ಖಲಾಸಿಗಳೂ ಮುತ್ತಿನ ಮುಳುಗುಗಾರರೂ ವರ್ಷಗಟ್ಟಲೆ ಒಬ್ಬನೇ ನಾಖುದಾನಿಗೆ ಕಟ್ಟುಬಿದ್ದಿರುತ್ತಿದ್ದರು. ಅಪ್ಪನ ಸಾಲ ಮಗನ ತಲೆಗೆ ಬರುತ್ತಿತ್ತು.) ಇವತ್ತು ನನ್ನ ಸೈಟಿನಲ್ಲಿ ಬಳಿಯುವವನದು ಒಂದು ಕಂಪನಿ, ನೋಡುವ ನನ್ನದು ಇನ್ನೊಂದು, ಟ್ಯಾಂಕು ಮೂರನೆಯವರದು. ಟ್ಯಾಂಕು ಸೋರುವ ಹೊತ್ತಿಗೆ ಮೊದಲಿನ ಇಬ್ಬರೂ ಬೇರೆ ದೇಶದಲ್ಲಿರುತ್ತಾರೆ.

ಇನ್ನೂ ಒಂದು ಇದೆ. ಮರದ ಹಡಗು ಎಷ್ಟೇ ಬಿಗಿಯಾಗಿದ್ದರೂ ಒಂದಿಷ್ಟು ನೀರು ಒಳಗೆ ಬಂದೇ ಬರುತ್ತದೆ. ಅದನ್ನು ದಿನಾ ಮೊಗೆದು ಚೆಲ್ಲಬೇಕು. ಮೊಗೆಯುವವನಿಗೆ ನಿನ್ನೆಗಿಂತ ಇವತ್ತು ಹೆಚ್ಚಾಯಿತೇ ಎಂಬುದು ತೋಳಿಗೇ ಗೊತ್ತಾಗುತ್ತದೆ. ಮಾಮೂಲಿನಷ್ಟಿದ್ದರೆ ಚಿಂತೆಯಿಲ್ಲ; ಮಾಮೂಲು ಮೀರಿದರೆ ಎಲ್ಲೋ ಸಂದಿ ಬಿಟ್ಟಿದೆ. 1924ರಲ್ಲಿ ಅಮೆರಿಕದ ವಾಲ್ಟರ್ ಶೂಹಾರ್ಟ್ ಟೆಲಿಫೋನ್ ಕಾರ್ಖಾನೆಯ ಸಲುವಾಗಿ ಒಂದು ಪುಟದ ಟಿಪ್ಪಣಿಯಲ್ಲಿ ಬರೆದುಕೊಟ್ಟ ನಿಯಂತ್ರಣ ನಕ್ಷೆಯ ತಿರುಳು ಇದೇ: ಯಾವ ಕೆಲಸಕ್ಕೂ ಅದರದ್ದೇ ಆದ ಮಾಮೂಲಿ ಏರಿಳಿತ ಇರುತ್ತದೆ, ಅದು ಮೀರಿದ ದಿನ ಮಾತ್ರ ಕಾರಣ ಹುಡುಕು, ಆದರೆ ಗುರುತು ಹಾಕುವುದನ್ನು ದಿನಾ ಬಿಡಬೇಡ. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಕರೆಯ ಮೇಲೆ ಶೂಹಾರ್ಟ್ 1947-48ರಲ್ಲಿ ಭಾರತಕ್ಕೂ ಬಂದಿದ್ದರು. ಅದರ ಬೆನ್ನಿಗೆ 1950ರ ದಶಕದಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಬೆಂಗಳೂರಿನಲ್ಲೂ ಕಾರ್ಖಾನೆಗಳಿಗೆ ಇದನ್ನು ಕಲಿಸುವ ಘಟಕ ತೆರೆಯಿತು. ನಕ್ಷೆ ಹಾಕುವುದು ಕಷ್ಟವಲ್ಲ. ಎಲ್ಲ ಸರಿಯಿದ್ದ ದಿನವೂ ಹಾಕುವುದು ಬೇಸರದ ಕೆಲಸ. ಸುಧಾರಣೆ ಸೋರಿಹೋಗುವುದು ಆ ಬೇಸರದ ಸಂದಿಯಲ್ಲೇ.

ಅದೇ 1924ರಲ್ಲಿ ಕೋಟ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಹೋಟೆಲು ಇಟ್ಟರು, ಮುಂದೆ ಎಂಟಿಆರ್ ಆದದ್ದು. ನಮ್ಮ ಸೀಮೆಯವರೆಂದು ಹೇಳಿಕೊಳ್ಳುವ ಆಸೆ ಬಿಟ್ಟರೂ ಇಲ್ಲಿ ಅವರ ಮಾತು ಬರಲೇಬೇಕು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಸುತ್ತಿ ಅಲ್ಲಿಯ ಹೋಟೆಲುಗಳ ಚೊಕ್ಕತನ ನೋಡಿ ಬಂದರು. ಲೋಟ, ತಟ್ಟೆಗಳನ್ನು ಹಬೆಯಲ್ಲಿ ಶುದ್ಧ ಮಾಡುವುದು ಶುರುವಾಯಿತು. ಇಷ್ಟನ್ನು ಯಾರಾದರೂ ಮಾಡಿಯಾರು. ಮಯ್ಯರ ಜಾಣತನವಿರುವುದು ಗಿರಾಕಿಗಳನ್ನು ಅಡುಗೆಮನೆಯ ಮೂಲಕ ಒಳಗೆ ಬಿಟ್ಟದ್ದರಲ್ಲಿ. ಊಟಕ್ಕೆ ಬಂದ ಪ್ರತಿಯೊಬ್ಬನೂ ತಪಾಸಣೆಗೆ ಬಂದವನೇ. ವರ್ಷಕ್ಕೊಮ್ಮೆ ಬರುವ ಆಡಿಟರಿಗೆ ಹಿಂದಿನ ದಿನ ತೊಳೆದು ತೋರಿಸಬಹುದು, ದಿನಾ ಬೆಳಿಗ್ಗೆ ದೋಸೆಗೆ ಕ್ಯೂ ನಿಲ್ಲುವವರಿಗೆ ಹಾಗೆ ತೋರಿಸಲು ಆಗುವುದಿಲ್ಲ. ಕುವೈತಿನ ಹಡಗಿಗೆ ಭರತದ ನೀರು ಏನಾಗಿತ್ತೋ ಎಂಟಿಆರ್ ಅಡುಗೆಮನೆಗೆ ಆ ಸಾಲು ಅದಾಯಿತು.

ಕುವೈತಿನವರು ಹಳತಕ್ಕೇ ಅಂಟಿಕೊಂಡಿದ್ದರು ಎಂದಲ್ಲ. ಹತ್ತೊಂಬತ್ತನೇ ಶತಮಾನದ ದೊಡ್ಡ ಹಡಗು ಬಗಲಾ: ಹಿಂಭಾಗ ಚೌಕ, ಅದಕ್ಕೆ ಕಿಟಕಿ, ಕೆತ್ತನೆ. ನೋಡಲು ಅರಮನೆ, ಕಟ್ಟಲು ಖರ್ಚು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಎರಡೂ ತುದಿ ಚೂಪಾದ ಬೂಮ್ ಅದನ್ನು ಹಿಂದೆ ಹಾಕಿತು. ಕೆತ್ತನೆಯಿಲ್ಲ, ಮರ ಕಡಿಮೆ ಸಾಕು, ಕಟ್ಟುವುದು ಬೇಗ, ದುರಸ್ತಿ ಸುಲಭ. ಈ ಬದಲಾವಣೆ ಹಿಂದಕ್ಕೆ ಹೋಗಲೇ ಇಲ್ಲ. ಬಗಲಾ ಕಟ್ಟಲು ಗೊತ್ತಿದ್ದ ಕೈಗಳೇ ಬೂಮ್ ಕಟ್ಟಿದವು, ಲೇಪದ ದಿನದ ಕೆಲಸದಲ್ಲಿ ಒಂದೂ ಬದಲಾಗಲಿಲ್ಲ. ಹೊಸ ವಿನ್ಯಾಸ ಹಳೆಯ ವರ್ಷದ ಕ್ರಮದೊಳಗೆ ಕೂತುಕೊಂಡಿತು. ನಾನು ನೋಡಿದ ಹೊಸ ಪದ್ಧತಿಗಳಲ್ಲಿ ಬಾಳಿದವೂ ಹೀಗೇ ಕೂತವು. ಜನರಿಗೆ ಹೊಸ ದಿನಚರಿಯನ್ನೇ ಕಲಿಸಹೊರಟವು ಕಲಿಸಿದವನ ವರ್ಗಾವಣೆಯ ಜೊತೆಗೇ ಹೋದವು.

ಆಸ್ಟ್ರೇಲಿಯದ ನಾವಿಕ ಅಲನ್ ವಿಲಿಯರ್ಸ್ 1938ರ ಕೊನೆಗೆ ಏಡನ್ನಿನಲ್ಲಿ ಅಲಿ ಬಿನ್ ನಾಸರ್ ಅಲ್ ನಜ್ದಿ ಎಂಬ ನಾಖುದಾನ ಬೂಮ್ ಹತ್ತಿ, ಜಂಜಿಬಾರ್, ರುಫಿಜಿ ನದೀಮುಖ ಸುತ್ತಿ, ಮನೆಯ ಮಾಡಿಗೆ ಹಾಕುವ ಕಾಂಡ್ಲಾ ಕಂಬಗಳ ರಾಶಿಯ ಜೊತೆ 1939ರಲ್ಲಿ ಕುವೈತಿಗೆ ಬಂದಿಳಿದ. ಅವನು ಕಂಡದ್ದು ಈ ಉದ್ಯೋಗದ ಕೊನೆಯ ತುಂಬು ದಿನಗಳನ್ನು. ಬುರ್ಗಾನಿನಲ್ಲಿ ಎಣ್ಣೆ ಸಿಕ್ಕಿ ಆಗಲೇ ವರ್ಷ ಕಳೆದಿತ್ತು. ಯುದ್ಧ ಅದನ್ನು ತಡೆಹಿಡಿಯಿತು. 1946ರ ಜೂನ್ ಕೊನೆಗೆ ಮೊದಲ ಎಣ್ಣೆ ಹಡಗು ತುಂಬಿ ಹೊರಟಿತು. ಪಾಲಿಗಾಗಿ ಎಂಟು ತಿಂಗಳು ಸಮುದ್ರದಲ್ಲಿ ಕಳೆಯುತ್ತಿದ್ದವನಿಗೆ ಎಣ್ಣೆಯ ಊರಾದ ಅಹ್ಮದಿಯಲ್ಲಿ ತಿಂಗಳ ಸಂಬಳ ಸಿಕ್ಕಿತು. ಹತ್ತು ಹನ್ನೆರಡು ವರ್ಷದೊಳಗೆ ದೂರಪ್ರಯಾಣದ ಹಾಯಿಹಡಗು ಮುಗಿದೇ ಹೋಯಿತು. ಶತ್ ಅಲ್ ಅರಬ್ ನದಿಯಿಂದ ಕುಡಿಯುವ ನೀರು ತರುತ್ತಿದ್ದ ಬೂಮ್‌ಗಳಿಗೆ 1953ರಲ್ಲಿ ಸರ್ಕಾರದ ಉಪ್ಪುನೀರು ಬಟ್ಟಿಯಿಳಿಸುವ ಘಟಕ ಬಂದ ಮೇಲೆ ಕೆಲಸ ಇಲ್ಲವಾಯಿತು. ದೋಣಿಯನ್ನು ಕಾಪಾಡಿದ್ದ ಬುರ್ಗಾನಿನ ಕಪ್ಪೇ ದೋಣಿಯನ್ನು ದಂಡೆಗೆ ಕೂಡಿಸಿತು.

ಇಷ್ಟು ಶತಮಾನ ನಡೆದ ಪದ್ಧತಿ ಇಷ್ಟು ಬೇಗ ಹೋಯಿತೇಕೆ ಎಂದು ಕೇಳಿದರೆ, ಅದು ನಿಂತದ್ದು ಯಾವುದರಿಂದಲೋ ಹೋದದ್ದೂ ಅದರಿಂದಲೇ ಎನ್ನಬೇಕು. ಅದನ್ನು ಹಿಡಿದಿಟ್ಟಿದ್ದದ್ದು ಖರ್ಜೂರ, ಗಾಳಿ, ಪಾಲು. ಮೂರೂ ಹೋದ ಮೇಲೆ ಲೇಪ ಹಾಕಲು ಯಾರಿಗೂ ದಿನ ಬರಲಿಲ್ಲ.

ವಸ್ತುಸಂಗ್ರಹಾಲಯಕ್ಕೆ ಸೇರಿದ ಹಡಗುಗಳನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟ. 1937ರಲ್ಲಿ ಕಟ್ಟಿದ ಅಲ್ ಮುಹಲ್ಲಬ್ ಎಂಬ ಬೂಮ್ ನ್ಯಾಷನಲ್ ಮ್ಯೂಸಿಯಮ್ಮಿನ ಅಂಗಳದಲ್ಲಿ ನಿಂತಿತ್ತು. ಇರಾಕಿನ ಆಕ್ರಮಣದ ಕಾಲದಲ್ಲಿ ಅದನ್ನು ಸುಟ್ಟರು. ಈಗ ನೋಡುವುದು ಅದರ ಪ್ರತಿರೂಪ. 1938ರ ಫತಹ್ ಅಲ್ ಖೈರ್ ಸಾಲ್ಮಿಯಾದ ಸೈಂಟಿಫಿಕ್ ಸೆಂಟರ್ ಬಳಿ ಉಳಿದಿದೆ. ಆ ಕಾಲದ ದೊಡ್ಡ ಬೂಮ್‌ಗಳಲ್ಲಿ ಉಳಿದ ಅಸಲಿ ಅದೊಂದೇ. ರಜೆಯ ದಿನ ಮಕ್ಕಳನ್ನು ಮೀನು ತೋರಿಸಲು ಒಳಗೆ ಕಳಿಸಿ ನಾನು ಹೊರಗೆ ಅದರ ತಳದ ಹತ್ತಿರ ನಿಲ್ಲುತ್ತೇನೆ. ನೀರಿಗಾಗಿ ಕಟ್ಟಿದ ಮರ ಒಣಗಿದಲ್ಲಿ ಕುಗ್ಗುತ್ತದೆ, ಹಲಗೆಗಳು ಒಂದರಿಂದೊಂದು ದೂರ ಸರಿಯುತ್ತವೆ. ತೇಲುವಾಗ ಹತ್ತಿಯನ್ನು ಬಿಗಿಯಾಗಿ ಹಿಡಿದದ್ದು ಅರ್ಧ ಕೊಡತಿ, ಅರ್ಧ ನೀರು. ಐವತ್ತು ಡಿಗ್ರಿಯ ಬಿಸಿಲಿನಲ್ಲಿ ಅದನ್ನು ಕಾಪಾಡುವವರ ಕೆಲಸ ಖಲಾಸಿಗಳ ಕೆಲಸಕ್ಕಿಂತ ಕಷ್ಟದ್ದು.

ಬಿಸಿಲಿನ ಮಾತು ಬಂದದ್ದಕ್ಕೆ ನಮ್ಮ ಟ್ಯಾಂಕಿನ ಕತೆಗೆ ಬರುತ್ತೇನೆ. ಜೂನ್ ಒಂದರಿಂದ ಆಗಸ್ಟ್ ಕೊನೆವರೆಗೆ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರ ತನಕ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬುದು ಇಲ್ಲಿಯ ಕಾನೂನು. ಹಾಗಾಗಿ ಉಕ್ಕಿಗೆ ಗಾರ್ನೆಟ್ ಮರಳು ಹೊಡೆದು ಬೆಳ್ಳಗೆ ಮಾಡುವುದು, ಬಣ್ಣ ಎರಚುವುದು ಬಹಳಷ್ಟು ರಾತ್ರಿ ನಡೆಯುತ್ತದೆ. ರಾತ್ರಿ ಇಬ್ಬನಿ. ಉಕ್ಕಿನ ಬಿಸಿ ಇಬ್ಬನಿ ಕೂರುವ ಉಷ್ಣತೆಗಿಂತ ಮೂರು ಡಿಗ್ರಿಯಾದರೂ ಮೇಲಿರದಿದ್ದರೆ ಬಣ್ಣ ಹಾಕಬಾರದು. ಇದು ಎಲ್ಲರಿಗೂ ಗೊತ್ತಿರುವ ನಿಯಮ, ಎಲ್ಲರೂ ಪಾಲಿಸುತ್ತಾರೆ. ಕಣ್ಣಿಗೆ ಬೀಳದ್ದು ಉಪ್ಪು. ಸಮುದ್ರದ ಗಾಳಿ ತಂದ ಉಪ್ಪು ಬೆಳ್ಳಗಾದ ಉಕ್ಕಿನ ಗುಂಡಿಗಳಲ್ಲಿ ಉಳಿದರೆ, ಅದರ ಮೇಲೆ ಬಳಿದ ಬಣ್ಣದ ಒಳಗಿಂದ ನೀರು ಎಳೆದುಕೊಂಡು ಗುಳ್ಳೆ ಏಳುತ್ತದೆ.

ಒಂದು ಕಂಪನಿಯ ಟ್ಯಾಂಕುಗಳಲ್ಲಿ ಹೀಗೆ ಗುಳ್ಳೆ ಎದ್ದವು. ಕಾರಣ ಹುಡುಕಿದೆವು. ಮರಳು ಹೊಡೆಯುವ ಮೊದಲು ಸಿಹಿನೀರಿನ ಒತ್ತಡದಲ್ಲಿ ತೊಳೆಯುವುದು, ಹೊಡೆದ ಮೇಲೆ ಅಂಟುಪಟ್ಟಿಯೊಳಗೆ ಒಂದಿಷ್ಟು ಶುದ್ಧ ನೀರು ಬಿಟ್ಟು ಹೀರಿ ಉಪ್ಪು ಅಳೆಯುವುದು, ಮಿತಿ ಮೀರಿದರೆ ಮತ್ತೆ ತೊಳೆಯುವುದು ಎಂದು ಬರೆದೆವು. ಗುಳ್ಳೆ ನಿಂತಿತು. ಚೀಟಿ ಕ್ಲೋಸ್ ಆಯಿತು. ಎಲ್ಲರ ಜೊತೆ ಫೋಟೊ, ಕೇಕು.

ಆಮೇಲೆ ಗುತ್ತಿಗೆ ಬದಲಾಯಿತು. ಹೊಸ ಗುತ್ತಿಗೆಯ ದರಪಟ್ಟಿಯನ್ನು ಹಳೆಯದರಿಂದ ಇಳಿಸಿಕೊಂಡಿದ್ದರು. ಅಲ್ಲಿ ಮರಳು ಹೊಡೆಯುವುದಕ್ಕೆ ಚದರ ಮೀಟರಿಗೆ ಇಷ್ಟು, ಬಣ್ಣಕ್ಕೆ ಇಷ್ಟು ಎಂದಿತ್ತು. ತೊಳೆಯುವುದಕ್ಕೆ ಸಾಲೇ ಇರಲಿಲ್ಲ. ಹಳೆಯ ಗುತ್ತಿಗೆದಾರ ನಮ್ಮ ಒತ್ತಾಯಕ್ಕೆ ತನ್ನ ಕೈಯಿಂದ ಮಾಡಿಸುತ್ತಿದ್ದ, ಹೊಸಬ ಬಿಲ್ಲಾಗದ್ದನ್ನು ಮಾಡಿಸಲಿಲ್ಲ. ತೊಳೆಯುವುದು ಬೇಡ ಎಂದು ಯಾರೂ ತೀರ್ಮಾನ ಮಾಡಿರಲಿಲ್ಲ, ಹಾಗೆ ಬರೆದ ಒಂದು ಕಾಗದವೂ ಇಲ್ಲ. ಗುಳ್ಳೆ ಮತ್ತೆ ಬಂತು. ಐಎಸ್‌ಒ 9001 ಎಂಬ ಗುಣಮಟ್ಟದ ಸಂಹಿತೆ, 1987ರಲ್ಲಿ ಹುಟ್ಟಿ ಹಲವು ಸಲ ತಿದ್ದಿಸಿಕೊಂಡದ್ದು, ಕೈಗೊಂಡ ಕ್ರಮ ಫಲ ಕೊಟ್ಟಿತೇ ಎಂದು ಮತ್ತೆ ನೋಡಿ ಎನ್ನುತ್ತದೆ. ನೋಡಿಯೂ ಇದ್ದೆವು, ಫಲ ಕೊಟ್ಟಿತ್ತು. ಫಲ ಕೊಟ್ಟದ್ದು ಮುಂದಿನ ಗುತ್ತಿಗೆಗೆ ಹೇಗೆ ದಾಟಬೇಕು ಎಂಬುದನ್ನು ಯಾರ ಕೈಗೂ ಕೊಟ್ಟಿರಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ ಕೆಲಸ ಹಬ್ಬದ ಮರುದಿನದ ಚಪ್ಪರದಂತೆ, ಬಿಚ್ಚುವವರು ಯಾರೆಂದು ಗೊತ್ತಾಗದೆಯೂ ಬಿಚ್ಚಿಹೋಗಿರುತ್ತದೆ.

ಈ ಸಲ ಸಭೆಯಲ್ಲಿ ನಾನು ಬೂಮ್‌ಗಳ ಕತೆಯನ್ನೆಲ್ಲ ಹೇಳಲಿಲ್ಲ. ಮಧ್ಯಾಹ್ನ ಮೂರಕ್ಕೆ ಯಾರಿಗೂ ಆ ತಾಳ್ಮೆ ಇರುವುದಿಲ್ಲ. ಎರಡು ಕೇಳಿದೆ. ತೊಳೆಯುವುದಕ್ಕೂ ಉಪ್ಪು ಅಳೆಯುವುದಕ್ಕೂ ದರಪಟ್ಟಿಯಲ್ಲಿ ಬೇರೆ ಸಾಲು ಬರಬೇಕು. ಚೀಟಿ ಕ್ಲೋಸ್ ಮಾಡುವ ಫಾರಮ್ಮಿನಲ್ಲಿ, ಈ ಕ್ರಮವನ್ನು ಮುಂದೆ ಯಾವಾಗ, ಯಾವ ಹುದ್ದೆಯವರು ಮತ್ತೆ ನೋಡುತ್ತಾರೆ ಎಂದು ಬರೆಯುವ ಕಾಲಂ ಸೇರಬೇಕು. ಮೊದಲನೆಯದಕ್ಕೆ ದುಡ್ಡಿನ ವಿಭಾಗದವರು ಗೊಣಗಿ ಒಪ್ಪಿದರು. ಎರಡನೆಯದಕ್ಕೆ ಯಾರೂ ಗೊಣಗಲಿಲ್ಲ, ಕಾಲಂ ಸೇರಿತು. ಮೊದಲ ತಿಂಗಳು ತುಂಬಿ ಬಂದ ಫಾರಮ್ಮುಗಳಲ್ಲಿ ಹೆಚ್ಚಿನವರು ಹುದ್ದೆ ಎಂಬಲ್ಲಿ ಬರೆದದ್ದು "ಸಂಬಂಧಪಟ್ಟವರು", ಯಾವಾಗ ಎಂಬಲ್ಲಿ "ಅಗತ್ಯವಿದ್ದಾಗ". ಒಂದೊಂದನ್ನೂ ವಾಪಸು ಕಳಿಸುತ್ತಿದ್ದೇನೆ.